ಬ್ರೀದರ್ ಪೈಪಿನಿಂದ ಅತಿಯಾಗಿ ಬರುವ ಆಯಿಲ್: ಡಬ್ಬಿ ಕಟ್ಟುವ ಮೊದಲು ಏನೇನು ನೋಡಬೇಕು?

ಹಾಸನದ ಡೀಸೆಲಿಗ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಮಾದರಿಯ, ಬೆಂಗಳೂರು ನೋಂದಣಿಯ, ಬಿಎಸ್-4 ಮಾಲಿನ್ಯ ಮಾನದಂಡದ ಕಾರು; 1.3 ಲೀಟರಿನ ಟರ್ಬೊ ಡೀಸೆಲ್ ಇಂಜಿನ್, ಈವರೆಗೆ 1.6 ಲಕ್ಷ ಕಿ.ಮೀ. ಓಡಿದೆ. ಕೆಲಸದ ನಿಮಿತ್ತ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಆಗಾಗ ಹೋಗಿಬರುತ್ತೇನೆ. ಈಚೆಗೆ, ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಹೋಸಿನ ಜೋಡಣೆ ಸದಾ ಒದ್ದೆಯಾಗಿರುವುದನ್ನು ಗಮನಿಸಿ, ಅದನ್ನು ಕಳಚಿ ನೋಡಿದಾಗ ಒಳಗೆ ಆಯಿಲ್ ನಿಂತಿತ್ತು. ಟ್ಯಾಪೆಟ್ ಕವರಿನಿಂದ (ಇಂಜಿನ್ನಿನ ಮೇಲ್ಮುಚ್ಚಳ) ಏರ್ ಫಿಲ್ಟರ್ ಪೈಪಿಗೆ ಬರುವ ಬ್ರೀದರ್ ಪೈಪಿನ ಒಳಗೋಡೆಯೂ ಪೂರ್ತಿ ಎಣ್ಣೆಮಯವಾಗಿದೆ. ಹೊಗೆ ಇಲ್ಲ, ಬೆಳಗಿನ ಹೊತ್ತು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಪಿಕಪ್ ಕಡಿಮೆಯಾಗಿಲ್ಲ.

ನಮ್ಮ ಊರಿನ ಒಂದು ಗ್ಯಾರೇಜಿನವರು ಪಿಸ್ಟನ್ ರಿಂಗ್ ಸವೆದುಹೋಗಿದೆ, ಇಂಜಿನ್ ಬಿಚ್ಚಿ ರಿಂಗ್ ಬದಲಿಸುವ ಹಾಫ್ ಇಂಜಿನ್ ಕೆಲಸ ಮಾಡಿಸಬೇಕು ಎಂದರು. ಮತ್ತೊಬ್ಬರು ಬ್ರೀದರ್ ಪೈಪನ್ನು ಕಳಚಿ ಕೆಳಕ್ಕೆ ಇಳಿಬಿಟ್ಟರೆ ಸಾಕು ಎಂದರು. ಸ್ನೇಹಿತರೊಬ್ಬರು ಬ್ರೀದರಿನಿಂದ ಬರುವ ಆಯಿಲನ್ನು ಹಿಡಿದಿಡುವ ಡಬ್ಬಿ, ಅಂದರೆ ಆಯಿಲ್ ಕ್ಯಾಚ್ ಕ್ಯಾನ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಇವುಗಳಲ್ಲಿ ಯಾವುದು ಸರಿ ಎಂದು ನಿರ್ಧರಿಸುವುದು ಹೇಗೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೆಕ್ಯಾನಿಕ್ ಮೇಷ್ಟ್ರು

ಡೀಸೆಲಿಗರೇ, ನಿಮಗೆ ಸಿಕ್ಕಿರುವ ಮೂರೂ ಸಲಹೆಗಳು ಪರೀಕ್ಷೆಗಿಂತ ಮುಂಚೆಯೇ ಬಂದಿರುವ ತೀರ್ಪುಗಳು. ಆಯಿಲ್ ಎಲ್ಲಿಂದ, ಏಕೆ ಬರುತ್ತಿದೆ ಎಂಬುದು ತಿಳಿಯುವವರೆಗೆ ಇಂಜಿನ್ ಬಿಚ್ಚುವುದೂ ಬೇಡ, ಡಬ್ಬಿ ಕಟ್ಟುವುದೂ ಬೇಡ.

ಹೊಸ ಇಂಜಿನ್ನಿನಲ್ಲಿಯೂ ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಇಂಜಿನ್ನಿನ ಕೆಳಗೂಡಾದ ಕ್ರ್ಯಾಂಕ್‌ಕೇಸಿಗೆ ಇಳಿದೇ ಇಳಿಯುತ್ತದೆ. ಇದನ್ನೇ ಬ್ಲೋ-ಬೈ ಎನ್ನುವುದು. ಅದಕ್ಕೆ ಹೊರದಾರಿ ಇಲ್ಲದಿದ್ದರೆ ಒಳಗೆ ಒತ್ತಡ ಏರಿ, ಕ್ರ್ಯಾಂಕ್ ಸೀಲು, ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಡಿಪ್‌ಸ್ಟಿಕ್ ರಂಧ್ರಗಳಿಂದ ಆಯಿಲ್ ಹೊರಬರುತ್ತದೆ. ಹೊರದಾರಿಯೇ ಬ್ರೀದರ್. ಕ್ರ್ಯಾಂಕ್ ತಿರುಗುವ ರಭಸಕ್ಕೆ ಒಳಗೆಲ್ಲ ಆಯಿಲಿನ ಮಂಜು ತುಂಬಿರುವುದರಿಂದ, ಹೊರಹೋಗುವ ಅನಿಲ ಆ ಮಂಜನ್ನೂ ಹೊತ್ತುಕೊಂಡು ಹೋಗುತ್ತದೆ. ಅದನ್ನು ತಡೆದು ಹನಿಗಳನ್ನು ಮತ್ತೆ ಸಂಪಿಗೆ (ಇಂಜಿನ್ನಿನ ತಳದ ಆಯಿಲ್ ತೊಟ್ಟಿ) ಇಳಿಸಲೆಂದೇ ಬಹುತೇಕ ಇಂಜಿನ್ನುಗಳ ಟ್ಯಾಪೆಟ್ ಕವರಿನಲ್ಲಿ ಅಥವಾ ಬ್ಲಾಕಿನ ಪಕ್ಕದಲ್ಲಿ ಆಯಿಲ್ ಸೆಪರೇಟರ್ ಇರುತ್ತದೆ. ಹಾಗಾಗಿ ಹೋಸಿನ ಒಳಗೋಡೆಗೆ ತೆಳುವಾದ ಎಣ್ಣೆಯ ಪಸೆ ಹತ್ತಿರುವುದು ಟರ್ಬೊ ಡೀಸೆಲಿನಲ್ಲಿ ರೋಗವಲ್ಲ. ಆಯಿಲ್ ನಿಲ್ಲುವಷ್ಟು ಬರುತ್ತಿದ್ದರೆ, ಒಂದೋ ಅನಿಲ ಹೆಚ್ಚಾಗಿದೆ, ಇಲ್ಲವೇ ಅನಿಲದೊಡನೆ ಹೋಗುವ ಆಯಿಲ್ ಹೆಚ್ಚಾಗಿದೆ. ಎರಡಕ್ಕೂ ಕಾರಣಗಳು ಬೇರೆ.

ಖರ್ಚಿಲ್ಲದ್ದನ್ನು ಮೊದಲು ನೋಡಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಮೇಲಿನ ಗುರುತನ್ನು ಮೀರಿ ಆಯಿಲ್ ಇದ್ದರೆ ಕ್ರ್ಯಾಂಕ್ ಅದನ್ನು ಕಡೆದು ಮಂಜು ಮಾಡುತ್ತದೆ, ಸೆಪರೇಟರಿನ ಕೈಮೀರಿ ಅದು ಬ್ರೀದರಿನಿಂದ ಹೊರಬರುತ್ತದೆ. ಸರ್ವೀಸಿನಲ್ಲಿ ಪ್ಯಾಕೆಟ್ಟಿನಲ್ಲಿ ಇದ್ದಷ್ಟನ್ನೂ ಸುರಿದುಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಎರಡನೆಯದು ಏರ್ ಫಿಲ್ಟರ್. ನಿಮ್ಮ ಬ್ರೀದರ್ ಸೇರುವುದು ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪಿಗೆ. ಫಿಲ್ಟರ್ ಕಟ್ಟಿಕೊಂಡಷ್ಟೂ ಆ ಪೈಪಿನಲ್ಲಿ ಟರ್ಬೊದ ಸೆಳೆತ ಹೆಚ್ಚುತ್ತದೆ, ಆ ಸೆಳೆತ ಕ್ರ್ಯಾಂಕ್‌ಕೇಸಿನಿಂದ ಆಯಿಲನ್ನೂ ಎಳೆಯುತ್ತದೆ. ಘಾಟಿ ರಸ್ತೆಯ ಧೂಳನ್ನು ಕುಡಿಯುತ್ತಿರುವ ಗಾಡಿಗೆ ಕೈಪಿಡಿಯಲ್ಲಿ ಹೇಳಿದ ಅವಧಿಯವರೆಗೆ ಫಿಲ್ಟರ್ ಬಾಳುತ್ತದೆ ಎಂದು ನಂಬಬೇಡಿ.

ಇವೆರಡೂ ಸರಿಯಿದ್ದರೆ ಮುಂದಿನದನ್ನು ಬರೆಯುತ್ತೇನೆ.

ಶರಾವತಿ ತೀರ

ಮೇಷ್ಟ್ರೇ, ಆಯಿಲ್ ಕ್ಯಾಪ್ ತೆಗೆದಾಗ ಗಾಳಿ ಬುಸುಗುಟ್ಟಿದರೆ ರಿಂಗ್ ಹೋಗಿದೆ ಎಂದರ್ಥವೆಂದು ನಮ್ಮ ಕಡೆ ಎಲ್ಲ ಗ್ಯಾರೇಜಿನಲ್ಲೂ ಹೇಳುತ್ತಾರೆ. ಅದು ನಂಬತಕ್ಕ ಪರೀಕ್ಷೆಯೇ?

ಮೆಕ್ಯಾನಿಕ್ ಮೇಷ್ಟ್ರು

ಡೀಸೆಲಿನಲ್ಲಿ ಅಷ್ಟಾಗಿ ನಂಬತಕ್ಕದ್ದಲ್ಲ. ಕ್ಯಾಪಿನ ಕೆಳಗೆ ಕ್ಯಾಮ್‌ಶಾಫ್ಟ್ ಮತ್ತು ಚೈನು ತಿರುಗುತ್ತಿರುತ್ತವೆ. ಅವು ಬೀಸುವ ಗಾಳಿಯೇ ಕೈಗೆ ತಾಕುತ್ತದೆ. ಕ್ಯಾಪನ್ನು ತಿರುಗಿಸಿ ಸಡಿಲವಾಗಿ ಮೇಲಿಟ್ಟಾಗ ಅದು ಹಾರಿಬೀಳುವಷ್ಟು ಒತ್ತಡವಿದ್ದರೆ ಆಗ ಯೋಚಿಸಬೇಕು, ಅದುರುತ್ತಾ ಕೂತಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಲಾಗದು. ಅಂದಾಜಿಗಿಂತ ಅಳತೆ ಮೇಲು.

ಅಳತೆಗೆ ದುಬಾರಿ ಉಪಕರಣ ಬೇಡ. ಸುಮಾರು ಎರಡು ಮೀಟರ್ ಉದ್ದದ ಪಾರದರ್ಶಕ ಟ್ಯೂಬನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಬಿಗಿದು, ಅರ್ಧದಷ್ಟು ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಗಾಳಿ ಸೋರದಂತೆ ಜೋಡಿಸಿ. ಕಾಲುಗಳು ಉದ್ದವಾಗಿರಲಿ, ಇಲ್ಲದಿದ್ದರೆ ಒಳಗೆ ಸೆಳೆತವಿದ್ದಾಗ ನೀರು ಇಂಜಿನ್ನಿಗೆ ಹೋದೀತು. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿಯೂ, ಸ್ವಲ್ಪ ರೇಸ್ ಕೊಟ್ಟಾಗಲೂ ನೀರಿನ ಎರಡು ಮಟ್ಟಗಳ ಅಂತರವನ್ನು ಗುರುತಿಸಿಕೊಳ್ಳಿ. ಅನಂತರ ಬ್ರೀದರ್ ಪೈಪನ್ನು ಟ್ಯಾಪೆಟ್ ಕವರಿನ ಬಳಿಯೇ ಕಳಚಿ ಮತ್ತೆ ನೋಡಿ. ಕಳಚಿದೊಡನೆ ಒತ್ತಡ ಇಳಿದರೆ ಅಡಚಣೆ ಇರುವುದು ಪೈಪಿನಲ್ಲಿ. ಕಳಚಿದರೂ ಇಳಿಯದಿದ್ದರೆ, ಸೆಪರೇಟರ್ ಒಳಗೆ ಮಡ್ಡಿ ಕಟ್ಟಿದೆ ಅಥವಾ ನಿಜವಾಗಿಯೂ ಅನಿಲ ಹೆಚ್ಚಾಗಿದೆ.

ಅನಿಲ ಹೆಚ್ಚಾಗಿದೆ ಎಂದಾದರೂ ರಿಂಗಿನ ಮೇಲೆ ತಕ್ಷಣ ಅಪವಾದ ಹೊರಿಸಬೇಡಿ. ಹೆಚ್ಚಿನವರು ಮರೆಯುವ ಎರಡು ಮೂಲಗಳಿವೆ. ಡೀಸೆಲ್ ಇಂಜಿನ್ನಿನಲ್ಲಿ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ವ್ಯಾಕ್ಯೂಮ್ ಪಂಪ್ ಒದಗಿಸುತ್ತದೆ, ಕ್ಯಾಮ್‌ಶಾಫ್ಟಿನಿಂದ ತಿರುಗುವ ಬಹುತೇಕ ಪಂಪುಗಳು ಎಳೆದ ಗಾಳಿಯನ್ನು ಇಂಜಿನ್ನಿನ ಒಳಕ್ಕೇ ಬಿಡುತ್ತವೆ. ಬೂಸ್ಟರಿನಲ್ಲಾಗಲಿ ಅದರ ಪೈಪಿನಲ್ಲಾಗಲಿ ಸೋರಿಕೆ ಇದ್ದರೆ ಪಂಪ್ ಬಿಡುವಿಲ್ಲದೆ ಹೊರಗಿನ ಗಾಳಿಯನ್ನು ತಂದು ಕ್ರ್ಯಾಂಕ್‌ಕೇಸಿಗೆ ತುಂಬುತ್ತಿರುತ್ತದೆ. ಗಾಡಿ ನಿಂತಿರುವಾಗ ಪಂಪಿನ ಸೆಳೆಯುವ ಬಾಯಿಯನ್ನು ಮುಚ್ಚಿ ನೀರಿನ ಮಟ್ಟ ನೋಡಿ. ಅಂತರ ಎದ್ದುಕಾಣುವಂತೆ ಕುಸಿದರೆ ಸೋರಿಕೆ ಆ ಕಡೆಯೇ ಇದೆ. ಬಾಯಿ ಮುಚ್ಚಿದಾಗ ಬ್ರೇಕಿಗೆ ಬೂಸ್ಟರಿನ ಸಹಾಯ ಇರುವುದಿಲ್ಲವಾದ್ದರಿಂದ ಈ ಪರೀಕ್ಷೆ ನಿಂತ ಗಾಡಿಯಲ್ಲಿ ಮಾತ್ರ.

ಇನ್ನೊಂದು ಮೂಲ ಟರ್ಬೊ. ಅದರ ಸೀಲುಗಳು ಸವೆದರೆ ಒತ್ತಡದ ಅನಿಲ ಅದರ ಆಯಿಲ್ ಡ್ರೈನ್ ಪೈಪಿನ ಮೂಲಕವೇ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇದರ ತಿರುಗುಮುರುಗು ಕೂಡ ನಡೆಯುತ್ತದೆ: ಟರ್ಬೊದಿಂದ ಆಯಿಲ್ ಕೆಳಗಿಳಿಯುವುದು ಬರೀ ತನ್ನ ಭಾರದಿಂದ, ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡವಿದ್ದರೆ ಅದು ಇಳಿಯಲಾರದೆ ಸೀಲಿನ ಆಚೆಗೆ ನುಸುಳುತ್ತದೆ. ಬ್ರೀದರ್ ಕಟ್ಟಿದ ಗಾಡಿಗೆ ಹೊಸ ಟರ್ಬೊ ಹಾಕಿಸಿ, ಅದೂ ಆಯಿಲ್ ಕಕ್ಕಿತೆಂದು ಗೋಳಾಡಿದವರನ್ನು ನೋಡಿದ್ದೇನೆ.

ಇವೆಲ್ಲ ಮುಗಿದ ಮೇಲೆ ಕಂಪ್ರೆಶನ್ ಪರೀಕ್ಷೆ, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆಂದು ಅಳೆಯುವುದು. ಸ್ಟಾರ್ಟ್ ಮಾಡುವಾಗ ಸಿಲಿಂಡರನ್ನು ಕಾಯಿಸುವ ಹೀಟರ್ ಪ್ಲಗ್ಗಿನ ರಂಧ್ರದ ಮೂಲಕ ಮಾಡುವುದಾದರೆ ಇಂಜಿನ್ ಬಿಸಿಯಿರುವಾಗ ನಿಧಾನವಾಗಿ ಬಿಚ್ಚಿಸಿ. ಹಳೆಯ ಪ್ಲಗ್ಗು ಹೆಡ್ಡಿನೊಳಗೇ ಮುರಿದರೆ, ಪರೀಕ್ಷೆಯ ನೆಪದಲ್ಲಿ ಹೆಡ್ ಇಳಿಸಬೇಕಾಗುತ್ತದೆ.

ಪೆಟ್ರೋಲ್ ಪಕ್ಷ

ನನ್ನದು ಹದಿನೈದು ವರ್ಷದ ಪೆಟ್ರೋಲ್ ಕಾರು, ಟರ್ಬೊ ಇಲ್ಲ. ಚಾರ್ಮಾಡಿ ಇಳಿದು ಕೆಳಗೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಸಲ ನೀಲಿ ಹೊಗೆ ಬಂದು ನಿಂತುಬಿಡುತ್ತದೆ. ಮೇಷ್ಟ್ರು ಹೇಳಿದ ಕ್ರಮ ನನಗೂ ಅನ್ವಯಿಸುತ್ತದೆಯೇ?

ಮೆಕ್ಯಾನಿಕ್ ಮೇಷ್ಟ್ರು

ನಿಮ್ಮದರಲ್ಲಿ ಒಳಬರುವ ಗಾಳಿಯನ್ನು ತಡೆಹಿಡಿಯುವ ಥ್ರಾಟಲ್ ಇದೆ, ಹೀಗಾಗಿ ವ್ಯವಸ್ಥೆಯೇ ಬೇರೆ. ಪೆಟ್ರೋಲ್ ಇಂಜಿನ್ನಿನಲ್ಲಿ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತವೇ ಪಿಸಿವಿ ವಾಲ್ವಿನ ಮೂಲಕ ಕ್ರ್ಯಾಂಕ್‌ಕೇಸಿನ ಅನಿಲವನ್ನು ಎಳೆದುಕೊಳ್ಳುತ್ತದೆ, ಅದರ ಜಾಗಕ್ಕೆ ಏರ್ ಫಿಲ್ಟರ್ ಕಡೆಯಿಂದ ಶುದ್ಧ ಗಾಳಿ ಬರುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಉಳಿಯುವುದಿಲ್ಲ. ಆಗ ಅನಿಲ ಶುದ್ಧ ಗಾಳಿಯ ಪೈಪಿನಲ್ಲೇ ಹಿಂದಕ್ಕೆ ಬಂದು ಫಿಲ್ಟರ್ ಡಬ್ಬಿಗೆ ಆಯಿಲ್ ಬಳಿಯುತ್ತದೆ. ಘಾಟಿ ಇಳಿಯುವಾಗ ಕಾಲು ತೆಗೆದು ಗೇರಿನಲ್ಲೇ ಬಿಟ್ಟರೆ ನಿರ್ವಾತ ತುಂಬ ಜೋರಾಗಿರುತ್ತದೆ. ಪಿಸಿವಿ ವಾಲ್ವು ತೆರೆದೇ ಸಿಕ್ಕಿಕೊಂಡಿದ್ದರೆ ಆಯಿಲನ್ನು ಎಳೆಯುತ್ತದೆ, ವಾಲ್ವ್ ಗೈಡಿನ ಸೀಲು ಗಟ್ಟಿಯಾಗಿದ್ದರೆ ಅಲ್ಲಿಂದಲೂ ಇಳಿಯುತ್ತದೆ. ಇಳಿಜಾರು ಮುಗಿದ ಮೇಲೆ ಒಮ್ಮೆ ಮಾತ್ರ ಹೊಗೆ ಬರುವುದು ಇವೆರಡರಲ್ಲಿ ಒಂದರ ಲಕ್ಷಣ. ರಿಂಗ್ ಹೋಗಿದ್ದರೆ ಏರು ಹತ್ತುವಾಗ ಹೊಗೆ ಕಾಣುತ್ತದೆ. ಮೊದಲು ಪಿಸಿವಿ ವಾಲ್ವನ್ನು ಕಳಚಿ ಅಲ್ಲಾಡಿಸಿ. ಒಳಗೆ ಟಿಕ್ ಟಿಕ್ ಎಂದು ಸದ್ದಾಗದಿದ್ದರೆ ಬದಲಿಸಿ. ಟ್ಯಾಪೆಟ್ ಕವರಿನಲ್ಲೇ ರಬ್ಬರ್ ಡಯಾಫ್ರಮ್ ಇರುವ ಈಚಿನ ಕಾರುಗಳಲ್ಲಿ ಅದು ಹರಿದರೆ ಐಡ್ಲಿಂಗಿನಲ್ಲಿ ಸಿಳ್ಳೆಯಂತಹ ಸದ್ದು ಬರುತ್ತದೆ, ಆಯಿಲ್ ಕ್ಯಾಪ್ ಎತ್ತಲು ಬಾರದಷ್ಟು ಹಿಡಿದುಕೊಂಡಿರುತ್ತದೆ.

ಕರಾವಳಿ ರೇಸರ್

ಎಲ್ಲರೂ ವಿಷಯವನ್ನು ವಿನಾಕಾರಣ ಜಟಿಲ ಮಾಡುತ್ತಿದ್ದೀರಿ. ಹಿಂದಿನ ಕಾಲದ ಡೀಸೆಲ್ ಜೀಪು, ಲಾರಿಗಳಲ್ಲಿ ಬ್ರೀದರ್ ಪೈಪು ನೆಲದ ಕಡೆಗೇ ಇಳಿದಿರುತ್ತಿತ್ತು, ಅವು ಲಕ್ಷಗಟ್ಟಲೆ ಕಿ.ಮೀ. ಓಡಲಿಲ್ಲವೇ? ಪೈಪನ್ನು ಕಳಚಿ ಕೆಳಕ್ಕೆ ಬಿಟ್ಟರೆ ಟರ್ಬೊ, ಇಂಟರ್‌ಕೂಲರ್, ಇಜಿಆರ್ (ಹೊಗೆಯ ಒಂದು ಭಾಗವನ್ನು ಇಂಜಿನ್ನಿಗೆ ಮರಳಿಸುವ ವ್ಯವಸ್ಥೆ) ಎಲ್ಲವೂ ಶುಚಿಯಾಗಿರುತ್ತವೆ. ಇಂಜಿನ್ನಿಗೆ ತನ್ನದೇ ಕೊಳೆಯನ್ನು ಕುಡಿಸುವುದರಲ್ಲಿ ಯಾವ ಜಾಣತನವೂ ನನಗೆ ಕಾಣುವುದಿಲ್ಲ.

ನಿಯಮ ಪಾಲಕ

ರೇಸರ್ ಅವರೇ, ನಿಮ್ಮ ಮಾತಿನ ಅರ್ಧ ಭಾಗವನ್ನು ಒಪ್ಪುತ್ತೇನೆ. ಬ್ರೀದರಿನ ಆಯಿಲ್ ಮಂಜೂ ಇಜಿಆರ್ ತರುವ ಮಸಿಯೂ ಸೇರಿ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಡಾಂಬರಿನಂತೆ ಕಟ್ಟಿಕೊಳ್ಳುವುದು ನಿಜ. ಆದರೆ ಆ ಅನಿಲದಲ್ಲಿ ಅರೆಬೆಂದ ಇಂಧನ, ಆಯಿಲಿನ ಆವಿ, ಮಸಿ ಎಲ್ಲವೂ ಇರುತ್ತವೆ. ಅದನ್ನು ಗಾಳಿಗೆ ಬಿಡಬಾರದೆಂದೇ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಅದನ್ನು ಮತ್ತೆ ಇಂಜಿನ್ನಿಗೇ ಎಳೆಯುವ ವ್ಯವಸ್ಥೆ ಬಂತು. ವಾಹನ ಮಾಲಿನ್ಯ ನಿಯಂತ್ರಣದ ಮೊದಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ವಾಹನವನ್ನು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಹೊಗೆ ತಪಾಸಣೆಯಲ್ಲಿ ಸೈಲೆನ್ಸರ್ ತುದಿಯನ್ನಷ್ಟೇ ಅಳೆಯುವುದರಿಂದ ಇದು ಸಿಕ್ಕಿಬೀಳದಿರಬಹುದು, ಅದು ಬೇರೆ ಮಾತು.

ಕಾನೂನನ್ನು ಬದಿಗಿಟ್ಟರೂ ಯಾಂತ್ರಿಕ ತೊಂದರೆಗಳಿವೆ. ಪೈಪು ಕಿತ್ತ ಜಾಗದಲ್ಲಿ ಏರ್ ಫಿಲ್ಟರ್ ಪೈಪಿನ ಮೂತಿಯನ್ನು ಸರಿಯಾಗಿ ಮುಚ್ಚದಿದ್ದರೆ, ಸೋಸದ ಧೂಳು ನೇರವಾಗಿ ಟರ್ಬೊದ ರೆಕ್ಕೆಗಳಿಗೆ ಹೋಗುತ್ತದೆ. ಇಳಿಬಿಟ್ಟ ಪೈಪು ಬಿಸಿ ಎಗ್ಸಾಸ್ಟಿನ ಹತ್ತಿರ ಹನಿಸಿದರೆ ಬೆಂಕಿಯ ಅಪಾಯವೂ ಇದೆ. ಆ ಹೊಗೆಯ ವಾಸನೆ ಎಸಿ ಗಾಳಿಯ ಜೊತೆ ಕಾರಿನೊಳಕ್ಕೆ ಬರುವುದನ್ನು ಹಿಂದಿನ ಸೀಟಿನಲ್ಲಿ ಕೂತವರನ್ನೇ ಕೇಳಬೇಕು.

ಎಡ್ಮಂಟನ್ ಕನ್ನಡಿಗ

ನಾನಿರುವ ಕೆನಡಾದ ಆಲ್ಬರ್ಟಾದಲ್ಲಿ ಇದೇ ಸಮಸ್ಯೆಯ ಇನ್ನೊಂದು ರೂಪವಿದೆ. ಬ್ಲೋ-ಬೈಯಲ್ಲಿ ನೀರಿನ ಆವಿಯೂ ಸಾಕಷ್ಟಿರುತ್ತದೆ. ಚಳಿಗಾಲದಲ್ಲಿ ಉಷ್ಣಾಂಶ ಮೈನಸ್ 30 ಡಿಗ್ರಿಗೆ ಇಳಿದಾಗ ಅದು ಬ್ರೀದರ್ ಪೈಪಿನಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚಿಬಿಡುತ್ತದೆ. ಒಳಗಿನ ಒತ್ತಡಕ್ಕೆ ಡಿಪ್‌ಸ್ಟಿಕ್ ಮೇಲಕ್ಕೆ ಚಿಮ್ಮುತ್ತದೆ, ಇಲ್ಲವೇ ಕ್ರ್ಯಾಂಕಿನ ಸೀಲು ಕಿತ್ತುಬರುತ್ತದೆ. ಇಲ್ಲಿ ಕೆಲವು ಗಾಡಿಗಳಿಗೆ ಬ್ರೀದರಿನಲ್ಲಿ ವಿದ್ಯುತ್ ಹೀಟರನ್ನೇ ಅಳವಡಿಸಿರುತ್ತಾರೆ. ಕ್ಯಾಚ್ ಕ್ಯಾನ್ ಹಾಕಿಕೊಂಡವರು ಚಳಿಗಾಲದಲ್ಲಿ ಅದನ್ನು ತೆಗೆದಿಡುವುದುಂಟು, ಏಕೆಂದರೆ ಡಬ್ಬಿಯಲ್ಲಿ ಕೂಡುವುದು ಆಯಿಲಿಗಿಂತ ನೀರೇ ಹೆಚ್ಚು.

ಮಡಿಕೇರಿ ಮಂಜು

ನಮ್ಮಲ್ಲಿ ಹೆಪ್ಪುಗಟ್ಟುವುದಿಲ್ಲ, ಆದರೆ ಮಳೆಗಾಲದಲ್ಲಿ ಆಯಿಲ್ ಕ್ಯಾಪಿನ ಕೆಳಗೆ ಬೆಣ್ಣೆಯಂತಹ ಬಿಳಿ ಪದಾರ್ಥ ಕಾಣಿಸುತ್ತದೆ. ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿಯಾಗುವ ಮೊದಲು ಕೂಲೆಂಟ್ ಕಡಿಮೆಯಾಗುತ್ತಿದೆಯೇ ನೋಡಬೇಕು. ಆಗದಿದ್ದರೆ, ಮನೆಯಿಂದ ಪೇಟೆಗೆ ಹೋಗಿಬರುವಷ್ಟರಲ್ಲಿ ಇಂಜಿನ್ ಪೂರ್ತಿ ಬಿಸಿಯಾಗದೆ ಉಳಿದ ನೀರಿನಂಶವೇ ಅದು. ಒಮ್ಮೆ ಮೈಸೂರಿನವರೆಗೆ ಓಡಿಸಿದರೆ ಮಾಯವಾಗುತ್ತದೆ.

ಬಿಎಸ್-6 ಮಾಲೀಕ

ನಾನು ಬೆಂಗಳೂರಿನ ಸಂಚಾರ ದಟ್ಟಣೆಯಲ್ಲೇ ಓಡಿಸುವವನು. ನನ್ನ ಡೀಸೆಲ್ ಎಸ್‌ಯುವಿಯಲ್ಲಿ ಆಯಿಲ್ ಕಡಿಮೆಯಾಗುವ ಬದಲು ಮಟ್ಟ ಏರುತ್ತಿದೆ. ಇದಕ್ಕೂ ಬ್ರೀದರಿಗೂ ಸಂಬಂಧವಿದೆಯೇ?

ಮೆಕ್ಯಾನಿಕ್ ಮೇಷ್ಟ್ರು

ಇದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಕಡ್ಡಾಯವಾದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಬಂದಿದೆ. ಅದರಲ್ಲಿ ಕೂಡಿದ ಮಸಿಯನ್ನು ಸುಡಲು ಹಲವು ಇಂಜಿನ್ನುಗಳು ಹೆಚ್ಚುವರಿ ಡೀಸೆಲನ್ನು ಸಿಲಿಂಡರಿಗೆ ಸಿಂಪಡಿಸುತ್ತವೆ, ಅದರಲ್ಲಿ ಒಂದಿಷ್ಟು ಗೋಡೆಗಂಟಿ ಸಂಪಿಗೆ ಇಳಿಯುತ್ತದೆ. ಸುಡುವ ಕೆಲಸ ಮುಗಿಯುವ ಮುನ್ನವೇ ನೀವು ಪದೇ ಪದೇ ಗಾಡಿ ಆರಿಸುತ್ತಿದ್ದರೆ ಆಯಿಲಿನ ಮಟ್ಟ ಏರುತ್ತದೆ, ತೆಳುವೂ ಆಗುತ್ತದೆ. ಮಟ್ಟ ಮೀರಿದ ತೆಳು ಆಯಿಲು ಬ್ರೀದರಿನಿಂದ ಸಲೀಸಾಗಿ ಹೊರಬರುತ್ತದೆ. ಮೇಲಿನ ಗುರುತು ದಾಟಿದ್ದರೆ ಸ್ವಲ್ಪ ತೆಗೆದು ಸುಮ್ಮನಾಗಬೇಡಿ, ಆಯಿಲನ್ನೇ ಬದಲಿಸಿ; ಡಿಪಿಎಫ್‌ಗೆ ಹೇಳಿದ, ಉರಿದಾಗ ಕಡಿಮೆ ಬೂದಿ ಬಿಡುವ ಆಯಿಲೇ ಆಗಬೇಕು.

ಇದನ್ನು ಅಲಕ್ಷಿಸುವವರಿಗೆ ಒಂದು ಎಚ್ಚರಿಕೆ. ಡೀಸೆಲ್ ಇಂಜಿನ್ ಇನ್‌ಟೇಕಿನಿಂದ ಬರುವ ಆಯಿಲನ್ನೇ ಇಂಧನವಾಗಿ ಉರಿಸಬಲ್ಲದು. ಪ್ರಮಾಣ ಹೆಚ್ಚಾದರೆ ಇಂಜಿನ್ ತಾನಾಗಿ ವೇಗ ಏರಿಸಿಕೊಂಡು, ಕೀ ತೆಗೆದರೂ ನಿಲ್ಲುವುದಿಲ್ಲ. ಆಗ ಮ್ಯಾನ್ಯುಯಲ್ ಗಾಡಿಯಾದರೆ ಅತಿ ಮೇಲಿನ ಗೇರಿಗೆ ಹಾಕಿ, ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು ಕ್ಲಚ್ ಬಿಟ್ಟು ಇಂಜಿನ್ ಆರುವಂತೆ ಮಾಡಬೇಕು. ಆಟೊಮ್ಯಾಟಿಕ್ ಆದರೆ ಗಾಳಿಯ ದಾರಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಬೇಕು, ಕೈಯನ್ನು ಎಂದಿಗೂ ಒಡ್ಡಬಾರದು. ಇಂಜಿನ್ ಆಗಲೇ ಕಿರುಚುತ್ತಿದ್ದರೆ ಬಾನೆಟ್ ಎತ್ತಲು ಹೋಗದೆ ದೂರ ಸರಿಯುವುದೇ ವಿವೇಕ.

ಹಾಸನದ ಡೀಸೆಲಿಗ

ಮೇಷ್ಟ್ರು ಹೇಳಿದ ಕ್ರಮದಲ್ಲೇ ನೋಡಿಸಿದೆ. ಹಿಂದಿನ ಸರ್ವೀಸಿನವರು ತುಂಬಿದ್ದ ಆಯಿಲ್ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗಿಂತ ಒಂದು ಬೆರಳಿನಷ್ಟು ಮೇಲಿತ್ತು. ಏರ್ ಫಿಲ್ಟರಿನ ಮಡಿಕೆಗಳಲ್ಲಿ ಕೆಂಪು ಧೂಳು ತುಂಬಿಹೋಗಿತ್ತು. ಆಯಿಲನ್ನು ಗುರುತಿಗೆ ಇಳಿಸಿ, ಹೊಸ ಫಿಲ್ಟರ್ ಹಾಕಿದ ಮೇಲೆ ನೀರಿನ ಟ್ಯೂಬು ಕಟ್ಟಿ ನೋಡಿದಾಗ ಒತ್ತಡ ಇನ್ನೂ ಇತ್ತು; ಬ್ರೀದರ್ ಪೈಪ್ ಕಳಚಿದರೂ ಹೆಚ್ಚು ಇಳಿಯಲಿಲ್ಲ. ವ್ಯಾಕ್ಯೂಮ್ ಪಂಪಿನ ಬಾಯಿ ಮುಚ್ಚಿದಾಗ ಮಾತ್ರ ಅಂತರ ಅರ್ಧಕ್ಕಿಂತ ಕೆಳಗೆ ಬಂತು. ಬೂಸ್ಟರಿಗೆ ಹೋಗುವ ಪೈಪು ಕ್ಲಿಪ್ಪಿನ ಅಡಿಯಲ್ಲೇ, ಕಣ್ಣಿಗೆ ಬೀಳದಂತೆ ಸೀಳಿತ್ತು. ಅದನ್ನು ಬದಲಿಸಿದ ಮೇಲೆ ಬ್ರೇಕ್ ಪೆಡಲ್ ಕೂಡ ಹಗುರವಾಗಿದೆ. ಕಂಪ್ರೆಶನ್ ನಾಲ್ಕೂ ಸಿಲಿಂಡರಿನಲ್ಲಿ ಸಮವಾಗಿ ಬಂದಿದ್ದರಿಂದ ಹಾಫ್ ಇಂಜಿನ್ ಮಾತನ್ನು ಕೈಬಿಟ್ಟಿದ್ದೇನೆ. ಹೋಸಿನಲ್ಲಿ ಈಗ ಪಸೆ ಇದೆ, ಆಯಿಲ್ ನಿಲ್ಲುತ್ತಿಲ್ಲ. ಆದರೂ ಇಜಿಆರ್ ಮಸಿಯ ದೃಷ್ಟಿಯಿಂದ ಕ್ಯಾಚ್ ಕ್ಯಾನ್ ಹಾಕಿಸಿದರೆ ಒಳ್ಳೆಯದೇ?

ಶರಾವತಿ ತೀರ

ನಾನು ಹಾಕಿಸಿಕೊಂಡಿದ್ದೇನೆ, ಹಾಗಾಗಿ ಹೇಳಬಲ್ಲೆ. ಡಬ್ಬಿಯ ಎರಡನೇ ಬಾಯಿ ಮತ್ತೆ ಏರ್ ಫಿಲ್ಟರ್ ಪೈಪಿಗೇ ಹೋಗಬೇಕು, ಗಾಳಿಗಲ್ಲ. ಹೋಸಿನ ಒಳ ಅಳತೆ ಮೂಲ ಬ್ರೀದರ್ ಪೈಪಿಗಿಂತ ಸಣ್ಣದಾಗಿರಕೂಡದು. ಸಣ್ಣ ಮೂತಿಯ ಅಗ್ಗದ ಡಬ್ಬಿಗಳು ತಾವೇ ಅಡಚಣೆಯಾಗುತ್ತವೆ. ಒಳಗೆ ತಡೆಗೋಡೆಯಾಗಲಿ ಜಾಲರಿಯಾಗಲಿ ಇಲ್ಲದ ಖಾಲಿ ಡಬ್ಬಿಯಿಂದ ಪ್ರಯೋಜನ ಅತ್ಯಲ್ಪ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತುಂಬುವವರಿದ್ದಾರೆ. ಅದರ ಎಳೆ ಮುರಿದು ಟರ್ಬೊಗೆ ಹೋದರೆ ಆಗುವ ನಷ್ಟವನ್ನು ಅವರು ಲೆಕ್ಕ ಹಾಕಿರುವುದಿಲ್ಲ. ನೀರಿನ ಮಾಮೂಲಿ ರಬ್ಬರ್ ಪೈಪು ಆಯಿಲಿಗೆ ಉಬ್ಬಿ ಮೆತ್ತಗಾಗಿ ಸೆಳೆತಕ್ಕೆ ಚಪ್ಪಟೆಯಾಗುತ್ತದೆ, ಆದ್ದರಿಂದ ಆಯಿಲ್ ತಡೆಯುವ ನೈಟ್ರೈಲ್ ಹೋಸನ್ನೇ ಕೇಳಿ ಪಡೆಯಿರಿ. ಹೋಸು ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಲ್ಲುತ್ತದೆ. ಡಬ್ಬಿಯನ್ನು ಟರ್ಬೊ, ಎಗ್ಸಾಸ್ಟಿನಿಂದ ದೂರ, ಗಾಳಿ ತಾಗುವ ಕಡೆ ಕೂರಿಸಿದರೆ ಆವಿ ಚೆನ್ನಾಗಿ ತಣಿದು ಇಳಿಯುತ್ತದೆ. ಖಾಲಿ ಮಾಡುವುದನ್ನು ಮರೆಯುವ ಸ್ವಭಾವದವರು ಇದನ್ನು ಹಾಕಿಸಲೇಬಾರದು. ತುಂಬಿದ ಡಬ್ಬಿಯನ್ನು ಟರ್ಬೊ ಒಮ್ಮೆಗೇ ಎಳೆದುಕೊಂಡರೆ ಮೇಷ್ಟ್ರು ಹೇಳಿದಂತೆ ಇಂಜಿನ್ ಆ ಆಯಿಲನ್ನೇ ಉರಿಸುತ್ತಾ ನಿಲ್ಲದೆ ಓಡತೊಡಗಬಹುದು.

ಮೆಕ್ಯಾನಿಕ್ ಮೇಷ್ಟ್ರು

ಡೀಸೆಲಿಗರೇ, ನಿಮ್ಮ ಈಗಿನ ಸ್ಥಿತಿಯಲ್ಲಿ ನನ್ನ ಅಭಿಪ್ರಾಯ ಬೇಡ ಎಂದೇ. ಮೂಲ ಸೆಪರೇಟರ್ ತೆಗೆದ ಆಯಿಲ್ ಸಂಪಿಗೇ ಮರಳುತ್ತದೆ, ಡಬ್ಬಿಗೆ ಬಿದ್ದದ್ದು ಮರಳುವುದಿಲ್ಲ, ಅದನ್ನು ಮತ್ತೆ ಸುರಿಯಲೂ ಬಾರದು; ಅದರಲ್ಲಿ ನೀರು, ಇಂಧನ, ಆಮ್ಲ ಬೆರೆತಿರುತ್ತವೆ. ಹಾಕಿಸಲೇಬೇಕೆಂದಿದ್ದರೆ, ಆಯಿಲ್ ಹೆಚ್ಚು ಬರುವ ಕಾರಣ ನಿವಾರಣೆಯಾದ ನಂತರ ಆಯಿಲ್ ಎಷ್ಟು ಬರುತ್ತಿದೆಯೆಂದು ತಿಳಿಯುವ ಮಾಪಕವಾಗಿ ಅದನ್ನು ಬಳಸಿಕೊಳ್ಳಿ. ಆಯಿಲ್ ಆರಿಸುವಾಗ ಆವಿಯಾಗುವ ಗುಣವನ್ನೂ ಗಮನಿಸಿ: ಕಾಯಿಸಿದ ಆಯಿಲ್ ಎಷ್ಟು ಆವಿಯಾಗುತ್ತದೆಂದು ಅಳೆಯುವ ನೋಆಕ್ ಪರೀಕ್ಷೆಯಲ್ಲಿ ಅಮೆರಿಕದ ಎಪಿಐ ಎಸ್‌ಎನ್ ದರ್ಜೆಗೆ ಶೇ. 15ರವರೆಗೆ ನಷ್ಟವಾಗಲು ಅವಕಾಶವಿದೆ, ಯುರೋಪಿನ ಎಸಿಇಎ ಎ3/ಬಿ4 ದರ್ಜೆಗೆ ಶೇ. 13ರವರೆಗೆ ಮಾತ್ರ. ಕೈಪಿಡಿ ಒಪ್ಪಿದ ದರ್ಜೆಯೊಳಗೇ ಕಡಿಮೆ ಆವಿಯಾಗುವುದನ್ನು ಕೊಂಡರೆ ಬ್ರೀದರಿಗೆ ಅಷ್ಟು ಹೊರೆ ಕಡಿಮೆ.

ಮಡಿಕೇರಿ ಮಂಜು

ಡಬ್ಬಿಯಿಂದ ತೆಗೆದ ಆಯಿಲನ್ನು ನಮ್ಮ ಕಡೆ ಗೆದ್ದಲು ಹಿಡಿಯದಿರಲೆಂದು ಕೊಟ್ಟಿಗೆಯ ಕಂಬಗಳಿಗೆ ಬಳಿಯುತ್ತಾರೆ. ಅದು ಸರಿಯೇ?

ನಿಯಮ ಪಾಲಕ

ಮಳೆಗೆ ತೊಳೆದು ಬಾವಿಗೆ, ತೋಟದ ಮಣ್ಣಿಗೆ ಇಳಿಯುವ ಕಡೆ ಖಂಡಿತ ಬೇಡ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಅಧಿಕೃತ ಮರುಬಳಕೆದಾರರಿಗೇ ಸೇರಬೇಕು. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಆಯಿಲ್ ಬದಲಿಸುವಾಗ ಸರ್ವೀಸ್ ಕೇಂದ್ರದ ಪೀಪಾಯಿಗೆ ಹಾಕುವುದು ಸುಲಭದ ದಾರಿ.

ಹಾಸನದ ಡೀಸೆಲಿಗ

ಹಾಗಾದರೆ ಕ್ಯಾಚ್ ಕ್ಯಾನ್ ವಿಚಾರವನ್ನು ಸದ್ಯಕ್ಕೆ ಬಿಟ್ಟೆ. ಇಂಟರ್‌ಕೂಲರಿನ ತಳದಲ್ಲಿ ಹಳೆಯ ಆಯಿಲ್ ಉಳಿದಿರಬಹುದು, ಅದನ್ನು ತೊಳೆಯಲು ಸೀಮೆಎಣ್ಣೆ ಸಾಕೇ?

ಮೆಕ್ಯಾನಿಕ್ ಮೇಷ್ಟ್ರು

ಸಾಕು, ಆದರೆ ಗಾಡಿಯಿಂದ ಇಳಿಸಿ ತೊಳೆಯಿರಿ. ಅನಂತರ ಸೋಪಿನ ಬಿಸಿನೀರಿನಿಂದ ಇನ್ನೊಮ್ಮೆ ತೊಳೆದು, ಒಂದು ರಾತ್ರಿ ಬಾಯಿ ಕೆಳಗೆ ಮಾಡಿ ಒಣಗಿಸಿ, ಕಂಪ್ರೆಸರ್ ಗಾಳಿ ಹಾಯಿಸಿದ ಮೇಲೆಯೇ ಜೋಡಿಸಬೇಕು. ಒಳಗೆ ಉಳಿದ ಸೀಮೆಎಣ್ಣೆಯೂ ಇಂಜಿನ್ನಿಗೆ ಇಂಧನವೇ. ಹೋಸಿನ ತುದಿಯ ಓ-ರಿಂಗನ್ನು (ಸೋರದಂತೆ ತಡೆಯುವ ರಬ್ಬರ್ ಬಳೆ) ಹೊಸದು ಹಾಕಿಸಿ. ನೀವು ಮೊದಲು ಕಂಡ ಒದ್ದೆ ಸ್ವಲ್ಪಮಟ್ಟಿಗೆ ಆ ಗಟ್ಟಿಯಾದ ಓ-ರಿಂಗಿನಿಂದಲೂ ಬಂದಿರುತ್ತದೆ. ಐನೂರು ಕಿ.ಮೀ. ಓಡಿದ ಮೇಲೆ ಡಿಪ್‌ಸ್ಟಿಕ್ ಮಟ್ಟವನ್ನು ಇಲ್ಲಿ ತಿಳಿಸಿ.